ನೀಹಾರಿಕೆಗೆ ನೀಲ ಹಾಕಿದ ಕಥೆ

ಬಲಗಣ್ಣಿನ ಪೊರೆ ತೆಗೆಸಿಕೊಂಡು ಮನೆಗೆ ಬಂದಾಗ ಡಾಕ್ಟರು ಹೇಳಿದ್ದು ಇಷ್ಟೆ: ಬಗ್ಗಬೇಡಿ, ಭಾರ ಎತ್ತಬೇಡಿ, ತಲೆಗೆ ನೀರು ಹಾಕಿಕೊಳ್ಳಬೇಡಿ. ಆಕಾಶದ ಬಣ್ಣ ತಿದ್ದಬೇಡಿ ಎಂದು ಅವರು ಹೇಳಲಿಲ್ಲ. ತಪ್ಪು ಅವರದೇ!

ನಾನು ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ವ್ಯಾಪಾರಿಯೊಬ್ಬರ ಗುಮಾಸ್ತ. ಬ್ಯಾಡಗಿಯ ಕೆಂಪು ಯಾವುದು, ಗುಂಟೂರಿನ ಕೆಂಪು ಯಾವುದು ಎಂದು ಹತ್ತು ಮಾರು ದೂರದಿಂದಲೇ ಹೇಳಬಲ್ಲೆ. ಬಣ್ಣದ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹವ್ಯಾಸ, ದುರ್ಬೀನಿಗೆ ಕ್ಯಾಮೆರಾ ಕಟ್ಟಿ ಆಕಾಶದ ಫೋಟೊ ತೆಗೆಯುವುದು. ಕಳೆದ ಚಳಿಗಾಲದಲ್ಲಿ ಊರಾಚೆ ಹೋಗಿ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯನ್ನು, ಅಂದರೆ ಅಲ್ಲಿ ಹರಡಿರುವ ಅನಿಲದ ಬೃಹತ್ ಮೋಡವನ್ನು, ಸೆರೆಹಿಡಿದಿದ್ದೆ.

ನಮ್ಮ ಹೌಸಿಂಗ್ ಸೊಸೈಟಿಯ ಹೊಸ ಸಭಾಂಗಣದ ಗೋಡೆಗೆ ಕಮಿಟಿಯವರು ಜಲಪಾತದ ಪೋಸ್ಟರ್ ಹಾಕುವವರಿದ್ದರು. ಕಾರ್ಯದರ್ಶಿಯಾದ ನನ್ನ ಹೆಂಡತಿ ಸುಮಂಗಲಾ ಎದ್ದು ನಿಂತು, ತನ್ನ ಯಜಮಾನರು ತೆಗೆದ ಐದಡಿಯ ಆಕಾಶವನ್ನೇ ಹಾಕೋಣ ಎಂದಳು. ಭಾನುವಾರ ಉದ್ಘಾಟನೆ.

"ಮರ್ಯಾದಿ ಪ್ರಶ್ನೆ ಅದ ನೋಡ್ರಿ," ಎಂದಳು ನನಗೆ.

"ನೀ ನಿಶ್ಚಿಂತಿ ಇರು!"

ನೂರಾರು ಫೋಟೊಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದಾಗ ಸಿಗುವ ಚಿತ್ರ ಮೊದಲಿಗೆ ಪಾಚಿಯಂತೆ ಹಸಿರಾಗಿರುತ್ತದೆ. ಕ್ಯಾಮೆರಾಕ್ಕೆ ಹಸಿರಿನ ಮೇಲೆ ಒಂದಿಷ್ಟು ಹೆಚ್ಚು ಪ್ರೀತಿ. ಅದನ್ನು ಇಳಿಸಿ ನೀಹಾರಿಕೆಯ ಸಹಜ ಗುಲಾಬಿ ಬರಿಸಬೇಕು. ದಾರಿ ತೋರಿಸಲು ಪರದೆಯ ಮೂಲೆಯಲ್ಲಿ ಕೆಂಪು, ಹಸಿರು, ನೀಲಿ ಗುಡ್ಡಗಳ ನಕ್ಷೆಯೊಂದಿರುತ್ತದೆ. ಮೂರೂ ಗುಡ್ಡಗಳ ಬುಡ ಒಂದೇ ಕಡೆ ಬಂದರೆ ಹಿನ್ನೆಲೆಯ ಬಣ್ಣ ಸರಿಯಾಯಿತು ಎಂದರ್ಥ. ಮೆಣಸಿನಕಾಯಿಯನ್ನು ನಕ್ಷೆ ನೋಡಿ ಆರಿಸುತ್ತೇನೆಯೆ? ನಕ್ಷೆ ಮುಚ್ಚಿಬಿಟ್ಟೆ.

ಹೊಸ ಕಣ್ಣಿಗೆ ಶ್ರಮ ಬೇಡವೆಂದು ಬಲಗಣ್ಣನ್ನು ಮುಚ್ಚಿ, ಆಪರೇಷನ್ ಆಗದ ನಂಬಿಕಸ್ಥ ಎಡಗಣ್ಣಿನಿಂದಲೇ ಕೆಲಸಕ್ಕಿಳಿದೆ. ಹಸಿರು ತೆಗೆದೆ. ಚಿತ್ರದ ತುಂಬ ಹಳದಿ ಕಂಡಿತು. ಊರಾಚೆ ಹೋದರೂ ಬೆನ್ನುಬಿಡದ ಪುಣೆಯ ದೀಪಗಳ ಪಾಪ! ನೀಲಿ ಸೇರಿಸಿದೆ. ಇನ್ನೂ ಹಳದಿ. ಮತ್ತಷ್ಟು ನೀಲಿ. ಪುಣೆಯೋ ನಾನೋ ನೋಡಿಯೇ ಬಿಡೋಣ ಎಂದು ಮೂರು ತಾಸು ಹೋರಾಡಿ, ಗೆದ್ದು, ಚಿತ್ರವನ್ನು ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆ.

ಅಂಗಡಿಯವನ ಫೋನ್ ಬಂತು. "ಕಾಕಾ, ವಾಂಗ್ಯಾಚಾ ಫೋಟೊ ಆಹೇ ಕಾ?"

ಬದನೆಕಾಯಿ ಫೋಟೊವಾ ಎಂದು ಕೇಳುತ್ತಿದ್ದಾನೆ! ಇಂಥವರಿಗೆ ಖಗೋಳದ ಗಂಧವೆಲ್ಲಿ? ಸುಮ್ಮನೆ ಛಾಪಿಸು ಎಂದು ಗದರಿಸಿದೆ.

ಶುಕ್ರವಾರ ಮಧ್ಯಾಹ್ನ ಸುಮಂಗಲಾ ಸುರುಳಿ ಬಿಚ್ಚಿದಳು.

"ಅಯ್ಯ! ಆಕಾಶಕ್ಕ ನೀಲ ಹಾಕಿ ತೊಳದೀರೇನ್ರೀ? ಕಮಿಟಿಯವರಿಗೆ ಹ್ಯಾಂಗ ಮಾರಿ ತೋರಿಸಲಿ?"

ಬಲಗಣ್ಣು ತೆರೆದು ನೋಡಿದೆ. ಗೋಡೆಯಳತೆಯ ಬದನೆಕಾಯಿ!

ಸೋಲೊಪ್ಪುವ ಜಾಯಮಾನ ನನ್ನದಲ್ಲ. ಮತ್ತೆ ಕೂತೆ. ಈ ಸಲ ಎರಡೂ ಕಣ್ಣುಗಳಿಗೆ ಸರದಿಯಂತೆ ಅವಕಾಶ ಕೊಟ್ಟೆ. ಬಲಗಣ್ಣು "ನೀಲಿ ಹೆಚ್ಚಾಯಿತು" ಎನ್ನುವುದು, ಎಡಗಣ್ಣು "ಹಳದಿ ಹೆಚ್ಚಾಯಿತು" ಎನ್ನುವುದು. ಇಬ್ಬರ ನಡುವೆ ರಾಜಿ ಮಾಡಿಸಲು ಹೋಗಿ ನಕ್ಷತ್ರಗಳು ಹಸಿ ಬಟಾಣಿಯಾದವು.

ಬಾಗಿಲಲ್ಲಿ ನಿಂತು, ಒಂದೊಂದೇ ಕಣ್ಣು ಮುಚ್ಚಿ ತೆರೆಯುವ ನನ್ನನ್ನು ನೋಡುತ್ತಿದ್ದ ಸುಮಂಗಲಾ ಒಳಗೆ ಹೋಗಿ, ಒಗೆದ ಧೋತರ ತಂದು ಮುಂದೆ ಹಿಡಿದಳು.

"ಇದು ಯಾವ ಬಣ್ಣ? ಒಂದೊಂದ ಕಣ್ಣಿಲೆ ನೋಡಿ ಹೇಳ್ರಿ."

ಬಲಗಣ್ಣಿಗೆ ಹಾಲಿನಂಥ ಬಿಳುಪು. ಎಡಗಣ್ಣಿಗೆ ಚಹಾ ಸೋಸಿದ ಅರಿವೆ! ಹಳೆಯ ಕಣ್ಣಿನ ಪೊರೆ ಲೋಕಕ್ಕೆಲ್ಲ ಹಳದಿ ಬಳಿದಿತ್ತು.

"ಅಲ್ಲ, ಧೋತರ ಬೆಳ್ಳಗ ಆಗಿಲ್ಲ ಅಂತ ಎರಡು ವರ್ಷದಿಂದ ನಿನಗ ಬೈತಿದ್ದೆನಲ್ಲ..."

"ಬೈದೀರಿ. ಭಾಳ ಬೈದೀರಿ."

ಅವಳಿಗೆ ಕುರ್ಚಿ ಎಳೆದುಕೊಟ್ಟೆ.

"ಒಂದೀಟ ಹಸರು ಇಳಸ್ರಿ. ನೀಲಿ ತಗೀರಿ. ಇನ್ನೂ... ಹಾಂ, ಸಾಕು!"

ಹತ್ತು ನಿಮಿಷ. ಅಳುಕುತ್ತ ನಕ್ಷೆ ತೆರೆದೆ. ಮೂರು ಗುಡ್ಡಗಳೂ ಶಾಲೆಯ ಮಕ್ಕಳಂತೆ ಒಂದರ ಹಿಂದೊಂದು ನಿಂತಿದ್ದವು. ಕಪ್ಪು ಆಕಾಶದಲ್ಲಿ ನೀಹಾರಿಕೆ ಮೆಲ್ಲಗೆ ಗುಲಾಬಿಯಾಗಿ ಅರಳಿತ್ತು. ಅದನ್ನೇ ಮತ್ತೆ ಪ್ರಿಂಟಿಂಗ್ ಅಂಗಡಿಗೆ ಕಳಿಸಿದೆ.

ಭಾನುವಾರ ಪರದೆ ಸರಿದಾಗ ಸಭಾಂಗಣದ ತುಂಬ ಚಪ್ಪಾಳೆ. "ವಹಿನಿ, ಕಾಯ್ ರಂಗ್ ಆಹೇ!" ಎಂದು ಎಲ್ಲರೂ ಬಣ್ಣವನ್ನು ಹೊಗಳಿ, ಅದನ್ನು ತಿದ್ದಿಸಿದ ಅತ್ತಿಗೆಯೆಂದು ಸುಮಂಗಲಾಳನ್ನು ಸುತ್ತುವರಿದರು. ಒಬ್ಬರು ಕಿಟಕಿಯ ಪರದೆಗೆ ಯಾವ ಬಣ್ಣ ಒಪ್ಪುತ್ತದೆ ಎಂದು ಅವಳನ್ನೇ ಕೇಳಿದರು. ಮೆಣಸಿನಕಾಯಿಯ ಪಂಡಿತನನ್ನು ಯಾರೂ ಏನೂ ಕೇಳಲಿಲ್ಲ. ಆದರೂ ಛಾಯಾಗ್ರಾಹಕನ ಗಾಂಭೀರ್ಯದಿಂದ ಚಿತ್ರದ ಪಕ್ಕ ನಿಂತೆ. ಮೊಬೈಲ್ ಎತ್ತಿದ ಪಕ್ಕದ ಮನೆಯವರು ನನ್ನ ಕಡೆ ನೋಡಿ ಕೈಬೀಸಿದರು. ನಾನು ಎದೆ ಸೆಟೆಸಿ ನಗೆ ಬೀರಿದೆ.

"ಕಾಕಾ, ಜರಾ ಬಾಜೂಲಾ ವ್ಹಾ!"

ಪಕ್ಕಕ್ಕೆ ಸರಿಯಬೇಕಂತೆ. ನೀಹಾರಿಕೆಗೆ ಅಡ್ಡವಾಗಿತ್ತಂತೆ, ನನ್ನ ತಲೆ!