ಐದು ಸರ್ಕಾರ, ನನ್ನ ಸಲಹೆ, ಹೆಂಡತಿಯ ಹೊಲ

ಸರ್ಕಾರ ಬದಲಾದಾಗಲೆಲ್ಲ ನಮ್ಮ ಕಡೆಯ ಜನ ಎರಡು ಕೆಲಸ ಮಾಡುತ್ತಾರೆ. ಮೊದಲು ಕಚೇರಿ ಮುಂದೆ ನಿಂತು ಹೊಸ ಬೋರ್ಡು ನೋಡುತ್ತಾರೆ. ಆಮೇಲೆ ನನ್ನ ಹತ್ತಿರ ಬಂದು, "ಈಗೇನ್ ಮಾಡೂದ್ರಿ?" ಅಂತ ಕೇಳುತ್ತಾರೆ.

ನಾನೇನು ದೊಡ್ಡ ಮನುಷ್ಯನಲ್ಲ. ಸಿಂಧನೂರಿನ ಕಚೇರಿ ಎದುರು ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡು ಅರ್ಜಿ ಬರೆಯುವವ. ಉರ್ದು ಬರುತ್ತಿತ್ತು, ಹೈದರಾಬಾದಿನ ಪೇಪರು ಮೂರು ದಿನ ತಡವಾಗಿಯಾದರೂ ನನ್ನ ಕೈಗೆ ಬರುತ್ತಿತ್ತು. ಅಷ್ಟಕ್ಕೇ ಜನ ನನ್ನನ್ನು ತ್ರಿಕಾಲಜ್ಞಾನಿ ಮಾಡಿಬಿಟ್ಟರು. ನಲವತ್ತೆಂಟರಿಂದ ಐವತ್ತಾರರ ಒಳಗೆ ಐದು ಸರ್ಕಾರ ನೋಡಿದೆ: ನಿಜಾಮರದು, ಮಿಲಿಟರಿಯವರದು, ಹೊರಗಿನಿಂದ ಬಂದ ಅಧಿಕಾರಿಗಳದು, ಓಟು ಹಾಕಿ ಆರಿಸಿದವರದು, ಕಡೆಗೆ ಮೈಸೂರಿನದು. ಚಾಪೆ ಮಾತ್ರ ಅದೇ. ಐದು ಸಲವೂ ನಾನು ಯೋಚಿಸಿ, ಪೇಪರು ಓದಿ, ಪ್ರಾಮಾಣಿಕವಾಗಿಯೇ ಸಲಹೆ ಕೊಟ್ಟೆ. ಜನ ಅದನ್ನು ಏನು ಮಾಡಿಕೊಂಡರು ಅನ್ನುವುದನ್ನು ನೆನೆಸಿಕೊಂಡರೆ ಇವತ್ತಿಗೂ ನನ್ನ ಪಿತ್ತ ನೆತ್ತಿಗೇರುತ್ತದೆ.

ಟವೆಲ್ಲಿನ ಕೆಳಗೆ

ಮಿಲಿಟರಿ ಬಂದ ಮೇಲೆ ಮುಕ್ಕುಂದದ ರೈತನೊಬ್ಬ ಬಂದ. ಅವನ ಹತ್ತಿರ ಮಡಕೆಯಲ್ಲಿ ಕೂಡಿಟ್ಟ ನಿಜಾಮರ ರೂಪಾಯಿ ಇದ್ದವು, 'ಹಾಲಿ' ಅನ್ನುವವು. ಏನು ಮಾಡಲಿ ಎಂದ.

"ಇನ್ನೊಂದು ತಿಂಗಳಿಗೆ ಅವು ಬೋಕಿ ಚೂರು. ಇವತ್ತ ಎತ್ತಾರ ತಗೋ, ಏನಾರ ತಗೋ," ಎಂದೆ.

ಅವನು ಎದ್ದುಬಿದ್ದು ಮಸ್ಕಿ ಸಂತೆಗೆ ಓಡಿದ. ಎತ್ತು ಮಾರುವವನು ಬಳ್ಳಾರಿ ಸೀಮೆಯವನು. ದನದ ಸಂತೆಯಲ್ಲಿ ಬಾಯಿಬಿಟ್ಟು ಬೆಲೆ ಹೇಳುವ ಪದ್ಧತಿಯಿಲ್ಲ. ದಲ್ಲಾಳಿ ಇಬ್ಬರ ಕೈ ಮೇಲೆ ಟವೆಲ್ಲು ಹೊದಿಸುತ್ತಾನೆ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಒತ್ತಿ ಬೆಲೆ ತಿಳಿಸುತ್ತಾರೆ, ಸುತ್ತ ನಿಂತವರಿಗೆ ಏನೂ ತಿಳಿಯುವುದಿಲ್ಲ. ಇವರೂ ಒತ್ತಿದರು. ಇಬ್ಬರಿಗೂ ಒಪ್ಪಿಗೆಯಾಯಿತು. ಎತ್ತಿನ ಹಗ್ಗ ಕೈ ಬದಲಾಯಿಸಿತು.

ದುಡ್ಡು ಎಣಿಸುವಾಗ ಜಗಳ ಹತ್ತಿತು. ಇವನು ಒತ್ತಿದ್ದು ಹಾಲಿ, ಅವನು ತಿಳಿದದ್ದು ಇಂಡಿಯಾದ ಕಲ್ದಾರ್. ಹಾಲಿ ರೂಪಾಯಿಗೆ ಕಲ್ದಾರಿಗಿಂತ ಬೆಲೆ ಕಡಿಮೆ. ಮರುದಿನ ಎತ್ತಿನ ಸಮೇತ ಮೂವರೂ ನನ್ನ ಚಾಪೆಗೆ ಬಂದರು. ಎತ್ತು ನನ್ನ ಮಸಿ ಕುಡಿಕೆ ಮೂಸಿ ಉರುಳಿಸಿತು.

ನಾನು ದಲ್ಲಾಳಿಗೆ ಬೈದೆ. "ನಿನಗರ ಬುದ್ಧಿ ಬ್ಯಾಡೇನಲೇ? ಯಾವ ರೂಪಾಯಿ ಅಂತ ಮೊದಲ ಕೇಳಬಾರದಾ?"

ಅವನು ತನ್ನ ಎರಡೂ ಕೈ ನನ್ನ ಮುಂದೆ ಚಾಚಿದ. "ಇದರಾಗ ಯಾವ ಬೆರಳು ನಿಜಾಮಂದು, ಯಾವ ಬೆರಳು ಇಂಡಿಯಾದ್ದು, ನೀವ ತೋರಸ್ರಿ ಸಾಹೇಬ್ರ. ಮುಂದಿನ ಸಂತಿಯಿಂದ ಹಂಗ ಒತ್ತಸ್ತೀನಿ."

ಹಾಲಿ ರೂಪಾಯಿ ಒಂದು ತಿಂಗಳಲ್ಲ, ಆಮೇಲೆ ವರ್ಷಗಟ್ಟಲೆ ಓಡಿತು. ಆ ರೈತ ಸಿಂಧನೂರಿಗೆ ಬಂದಾಗಲೆಲ್ಲ ನನ್ನ ಎದುರಿಗೇ ನಿಂತು, ಒಂದು ಹಾಲಿ ನಾಣ್ಯ ಕೊಟ್ಟು ಚಹಾ ಕುಡಿದು ಹೋಗುತ್ತಿದ್ದ.

ನಡೆದಾಡುವ ಕಲ್ಲು

ಹೊರಗಿನ ಅಧಿಕಾರಿಗಳ ಕಾಲದಲ್ಲಿ ತುಂಗಭದ್ರೆಯ ಕಾಲುವೆಗೆ ಅಳತೆ ನಡೆದಿತ್ತು. ಜವಳಗೇರಾದ ಅಣ್ಣತಮ್ಮಂದಿರು ಪಾಲು ಹಂಚಿಕೊಂಡು ಪಕ್ಕಪಕ್ಕದಲ್ಲೇ ಹೊಲ ಮಾಡುತ್ತಿದ್ದರು. ಅಳತೆಯವರು ಸುಣ್ಣ ಬಳಿದ ಕಲ್ಲುಗಳನ್ನು ಅಣ್ಣನ ಹೊಲದಲ್ಲಿ ನೆಟ್ಟರು. ಅಣ್ಣ ನನ್ನ ಹತ್ತಿರ ಬಂದ.

"ಕಾಲುವೆ ಹೋದ ಹೊಲ ಹೋದಂಗ. ಪರಿಹಾರ ಕೊಡೂತನಕ ಈ ಸರ್ಕಾರನ ಇರಂಗಿಲ್ಲ," ಎಂದೆ. ಆಗ ಅದು ಸುಳ್ಳೇನೂ ಆಗಿರಲಿಲ್ಲ.

ಮರುದಿನ ಅಳತೆಯವರು ಊಟಕ್ಕೆ ಹೋದಾಗ ಕಲ್ಲುಗಳು ತಮ್ಮನ ಹೊಲಕ್ಕೆ ನಡೆದುಹೋದವು. ಈಗ ತಮ್ಮ ನನ್ನ ಹತ್ತಿರ ಬಂದ. ಅಷ್ಟರಲ್ಲಿ ಪೇಪರಿನಲ್ಲಿ, ಕಾಲುವೆ ಬದಿಯ ಭೂಮಿಗೆ ಮುಂದೆ ಭಾರಿ ಬೆಲೆ ಎಂದು ಬಂದಿತ್ತು. ನಾನು ಓದಿದ್ದನ್ನೇ ಹೇಳಿದೆ. ತಮ್ಮ ಖುಷಿಯಿಂದ ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಅವಳು ಬಾವಿಯ ಕಟ್ಟೆಯಲ್ಲಿ ಅಣ್ಣನ ಹೆಂಡತಿಗೆ ಹೇಳಿದಳು. ಸಂಜೆಯೊಳಗೆ ಕಲ್ಲುಗಳು ಅಣ್ಣನ ಹೊಲಕ್ಕೆ ವಾಪಸು ಬಂದವು. ಆಮೇಲೆ ಒಂದು ವಾರ ಅವು ನಿಂತಲ್ಲಿ ನಿಲ್ಲಲಿಲ್ಲ.

ಅಳತೆಯ ಅಧಿಕಾರಿ ದೂರು ಬರೆಸಲು ಬೇರೆ ಎಲ್ಲಿಗೂ ಹೋಗದೆ ನನ್ನ ಹತ್ತಿರವೇ ಬಂದರು. ತಲೆ ತಗ್ಗಿಸಿ ಬರೆದುಕೊಟ್ಟೆ. ಕೊನೆಗೆ ಕಾಲುವೆಯ ದಾರಿಯೇ ಬದಲಾಗಿ, ಇಬ್ಬರ ಹೊಲವನ್ನೂ ಬಿಟ್ಟು ಎಷ್ಟೋ ದೂರ ಹೋಯಿತು. ವಿಚಾರಣೆ ಮಾತ್ರ ನಡೆಯಿತು. ಕಲ್ಲು ಯಾಕೆ ಕಿತ್ತೆ ಎಂದು ಅಧಿಕಾರಿ ಗದರಿದಾಗ ಅಣ್ಣ ಕೈ ಮುಗಿದು ಹೇಳಿದ:

"ಸರ್ಕಾರನ ಒಂದ ಕಡಿ ನಿಲ್ಲವಲ್ತು ಸಾಹೇಬ್ರ. ಪಾಪ, ಆ ಕಲ್ಲಿಗ್ಯಾಕ ಬೈತೀರಿ?"

ಬಿಳಿ ಟೋಪಿ

ಲಿಂಗಸುಗೂರಿನ ಬಟ್ಟೆ ವ್ಯಾಪಾರಿಯೊಬ್ಬರು ಮೊದಲ ಚುನಾವಣೆಗೆ ಮುಂಚೆ ಬಸ್ಸು ಹಿಡಿದು ಬಂದರು. ಅಂಗಡಿ ತುಂಬ ಶೇರವಾನಿಯ ಕರಿ ಬಟ್ಟೆ, ಕೊಳ್ಳುವವರಿಲ್ಲ.

"ಇನ್ನ ಮ್ಯಾಲ ಎಲ್ಲಾರ ತಲಿ ಮ್ಯಾಲೂ ಬಿಳಿ ಟೋಪಿ. ಕಣ್ಣು ಮುಚ್ಚಿ ಹೊಲಿಸ್ರಿ," ಎಂದೆ.

ಅವರು ಕಣ್ಣು ಮುಚ್ಚಿಯೇ ಹೊಲಿಸಿದರು. ಮೂಟೆ ಮೂಟೆ. ನಾನು ಮರೆತದ್ದು ಒಂದೇ: ನಮ್ಮ ಕಡೆ ಗಂಡಸು ರುಮಾಲು ಸುತ್ತದೆ ಹೊರಗೆ ಬರುವುದಿಲ್ಲ, ರುಮಾಲಿನ ಮೇಲೆ ಟೋಪಿ ಕೂಡುವುದಿಲ್ಲ. ಭಾಷಣ ಮಾಡುವವರು ಟೋಪಿ ಹಾಕಿದರು. ಅವರು ಬೆರಳೆಣಿಕೆಯಷ್ಟು ಜನ, ಅವರೂ ತಮ್ಮ ಟೋಪಿ ತಾವೇ ತಂದಿದ್ದರು.

ಆರು ತಿಂಗಳ ಮೇಲೆ ಆ ವ್ಯಾಪಾರಿ ಎದುರಾದಾಗ ನಾನು ದಾರಿ ಬದಲಿಸಲು ನೋಡಿದೆ. ಅವರೇ ಕೂಗಿ ನಿಲ್ಲಿಸಿದರು. "ಎಲ್ಲಾ ಮಾರ್ಯಾವು ನೋಡ್ರಿ!"

ನನಗೆ ಜೀವ ಬಂತು. "ನಾ ಹೇಳಿರಲಿಲ್ಲೇನ್ರಿ?"

"ಹೂಂ, ಹೇಳಿದ್ರಿ. ಆದ್ರ ತಲಿ ಅಂದಿದ್ರಿ. ದಾರ ಹಚ್ಚಿ ಬಾಯಿಗೆ ಕಟ್ಟಾಕ ಒಯ್ದಾರ. ಮಣ್ಣು ತಿನ್ನೋ ಕರುಗಳಿಗೆ ಭಾಳ ಚಲೋ ಆಗತಾವಂತ."

ಹೆಂಡತಿಯ ಹೊಲ

ಇಷ್ಟಾದ ಮೇಲೆ ನನಗೆ ಒಂದು ಹೆಸರು ಬಂತು. ಜನ ಬರುವುದನ್ನು ನಿಲ್ಲಿಸಲಿಲ್ಲ, ಇನ್ನೂ ಹೆಚ್ಚಾದರು. ನನ್ನ ಮಾತು ಪೂರ್ತಿ ಕೇಳಿ, ಹೋಗಿ ಅದರ ಉಲ್ಟಾ ಮಾಡುತ್ತಿದ್ದರು. ಉಲ್ಟಾ ಮಾಡಿ ಉದ್ಧಾರವಾದವರು ಬಾಳೆಹಣ್ಣು ತಂದುಕೊಟ್ಟು ಹೋಗುತ್ತಿದ್ದರು. ಅದನ್ನು ತಿನ್ನುವಾಗ ನನಗೆ ಆಗುತ್ತಿದ್ದ ಸಂಕಟ ಯಾರಿಗೆ ಹೇಳಲಿ?

ಮನೆಯಲ್ಲೂ ಇದೇ ಆಯಿತು. ನನ್ನ ಹೆಂಡತಿಗೆ ತವರಿನವರು ಅರಿಷಿಣ ಕುಂಕುಮಕ್ಕೆಂದು ಎಂಟು ಎಕರೆ ಎರೆಹೊಲ ಕೊಟ್ಟಿದ್ದರು. ನಮಗಿದ್ದ ಆಸ್ತಿ ಅದೊಂದೇ. ಕಾಲುವೆಗೆ ನೀರು ಬಿಟ್ಟ ವರ್ಷ ಆಂಧ್ರದ ಕಡೆಯ ರೈತರೊಬ್ಬರು ಪಕ್ಕದಲ್ಲೇ ಗುಡಿಸಲು ಹಾಕಿ, ನಮ್ಮ ಹೊಲವನ್ನೂ ಕೊಡಿ ಎಂದು ಬಂದರು.

"ಮಾರಿಬಿಡು. ರಾಜ್ಯನ ಒಡದು ಹಂಚತಾರಂತ, ನಮ್ಮ ಹೊಲ ಯಾರ ಪಾಲಿಗೋ ಏನೋ," ಎಂದೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ವಿಚಾರ ಮಾಡಿ ಹೇಳಾಕತ್ತೀರೇನು?" ಎಂದಳು.

"ಮೂರು ದಿನ ವಿಚಾರ ಮಾಡೀನಿ."

"ಹಂಗಾರ ಮಾರಂಗಿಲ್ಲ ಬಿಡ್ರಿ," ಎಂದು ಮತ್ತೆ ರೊಟ್ಟಿ ಬಡಿದಳು. ಹೊಲವನ್ನು ಅದೇ ರೈತರಿಗೆ ಪಾಲಿಗೆ ಹಾಕಿದಳು. ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ನಮ್ಮ ಮನೆ ಮೊದಲ ಸಲ ನೆಮ್ಮದಿಯ ಉಸಿರು ಬಿಟ್ಟಿತು.

ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಚೇರಿಯಲ್ಲಿ ಕನ್ನಡ ಬಂತು, ನನ್ನ ಉರ್ದುವಿಗೆ ಬೆಲೆ ಹೋಯಿತು. ಚಾಪೆಯ ಸಂಪಾದನೆ ಸಂಜೆಯ ಎಲೆ ಅಡಿಕೆಗೂ ಸಾಲುತ್ತಿರಲಿಲ್ಲ. ಆ ಹೊಲ ಹೋದರೆ ನಾವು ಬೀದಿಗೆ ಬಿದ್ದಂತೆ. ಅದೇ ಹೊತ್ತಿಗೆ ಆ ರೈತರು ಸೊಂಟದಲ್ಲಿ ನೋಟಿನ ಗಂಟು ಕಟ್ಟಿಕೊಂಡು, ಹಿಂದೆ ಹೇಳಿದ್ದರ ನಾಲ್ಕು ಪಟ್ಟು ಬೆಲೆಗೆ ಬಂದು ಪಡಸಾಲೆಯಲ್ಲಿ ಕೂತರು.

ಹೆಂಡತಿ ಒಳಗೆ ಬಂದು, "ಏನ್ ಮಾಡೂಣ್ರಿ?" ಎಂದಳು.

ಜನ್ಮದಲ್ಲಿ ಮೊದಲ ಸಲ ಒಂದು ಸಂಗತಿ ನನಗೆ ಕನ್ನಡಿಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು: ಈ ಹೊಲ ಮಾರಬಾರದು. ಆದರೆ ಮಾರಬೇಡ ಎಂದರೆ ಇವಳು ಮಾರುತ್ತಾಳೆ! ಹಲ್ಲು ಕಚ್ಚಿಕೊಂಡು, "ಮಾರು," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಇಪ್ಪತ್ತು ವರ್ಷ ನನ್ನ ಜೊತೆ ಬಾಳಿದವಳು. "ಕಣ್ಣು ಯಾಕ ಪಿಳಿಪಿಳಿ ಮಾಡತೀರಿ? ಸುಳ್ಳು ಹೇಳಾಕತ್ತೀರಿ. ನನ್ನ ಮ್ಯಾಲ ಆಣಿ ಇಟ್ಟು ಖರೇ ಹೇಳ್ರಿ."

ನಾನು ಸೋತೆ. ಸಿಟ್ಟು, ದುಃಖ ಎಲ್ಲ ಒಟ್ಟಿಗೇ ಬಂದು, ಓಣಿಗೆಲ್ಲ ಕೇಳುವಂತೆ ಕೂಗಿದೆ: "ಮಾರಬ್ಯಾಡ! ಈ ಹೊಲದಂಥ ಹೊಲ ಸೀಮ್ಯಾಗಿಲ್ಲ! ಮುಂದ ಇದು ಬಂಗಾರ ಆಗತೈತಿ!"

ಹೆಂಡತಿ ಗೋಡೆ ಹಿಡಿದು ಕುಸಿದು ಕೂತಳು. "ಅಯ್ಯ ಶಿವನ! ಹಂಗಾರ ಇವತ್ತ ಮಾರಬೇಕಾತಲ್ಲ!"

ಕಣ್ಣೊರೆಸಿಕೊಂಡು ಎದ್ದು ಪಡಸಾಲೆಗೆ ಹೋದಳು. ಹಿಂದೆ ನಾನೂ ಹೋದೆ. ಆ ರೈತರು ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಕೂಡ್ರಿ, ಹೊಲ ಕೊಡತೀನಿ," ಎಂದಳು ಇವಳು.

"ವದ್ದಮ್ಮಾ, ವದ್ದು," ಎಂದು ತೆಲುಗಿನಲ್ಲೇ ಬೇಡವೆನ್ನುತ್ತ ಅವರು ಸೊಂಟದ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡರು. "ನಾನೂ ಮೂರು ವರ್ಷದಿಂದ ಈ ಊರಾಗ ಅದೀನಿ. ಯಜಮಾನ್ರು ಬಂಗಾರ ಆಗತೈತಿ ಅಂದ್ರು, ನನ್ನ ಕಿವಿಯಾರ ಕೇಳಿದೆ. ಪಾಲಿಗೆ ಮಾಡತೀನಮ್ಮಾ, ಕೊಳ್ಳಾಕ ಮಾತ್ರ ನನಗ ಬ್ಯಾಡ!"

ಅವರು ತಿರುವು ದಾಟುವವರೆಗೆ ಹೆಂಡತಿ ನೋಡುತ್ತ ನಿಂತಳು. ಆಮೇಲೆ ನನ್ನ ಕಡೆ ತಿರುಗಿ, ಐದು ಸರ್ಕಾರದ ಕಾಲದಲ್ಲಿ ಒಮ್ಮೆಯೂ ಕಾಣದ ಪ್ರೀತಿಯಿಂದ ಹೇಳಿದಳು:

"ಇರಲಿ ಬಿಡ್ರಿ. ಒಮ್ಮೆಯಾರ ಮನಿಗೆ ಉಪಯೋಗ ಬಂದ್ರಿ."