ಕೊಟ್ಟಿಗೆಹಾರದ ಹಡಗು

ಎಲ್ಲದಕ್ಕೂ ಕಾರಣ ಬಿಸಿಲು. ಜೂನ್ ತಿಂಗಳಲ್ಲಿ ಮುಖ ಮರೆಸಿಕೊಂಡಿದ್ದ ಸೂರ್ಯ ಆಯುಧಪೂಜೆಯ ಬೆಳಿಗ್ಗೆ ಕೊಟ್ಟಿಗೆಹಾರದ ಮೇಲೆ ಇದ್ದಕ್ಕಿದ್ದಂತೆ ಪ್ರಸನ್ನನಾದ. ಇಂಥ ಬಿಸಿಲನ್ನು ಸುಮ್ಮನೆ ಬಿಡಬಾರದೆಂದು ಎಸ್ಟೇಟಿನ ಲೆಕ್ಕಪತ್ರ ನೋಡುವ ರೈಟರ್ ಸೋಮಶೇಖರಪ್ಪ ತನ್ನ ಹಡಗಿನ ಹೊಗೆಕೊಳವೆಗಳಿಗೆ ಇನ್ನೊಂದು ಕೈ ಬಣ್ಣ ಬಳಿದು, ಪೀಠದ ಸಮೇತ ಎತ್ತಿ ಜಗಲಿಯ ಮೇಲೆ ಒಣಗಲು ಇಟ್ಟು ಸ್ನಾನಕ್ಕೆ ಹೋದ. ಹಬ್ಬದ ದಿನವಾದ್ದರಿಂದ ನಾಲ್ಕು ಚೊಂಬು ಹೆಚ್ಚಾಗಿಯೇ ಹೊಯ್ದುಕೊಂಡ. ಮೈ ಒರೆಸಿಕೊಂಡು ಹೊರಗೆ ಬಂದರೆ ಜಗಲಿಯ ಮೇಲೆ ಹಡಗಿರಲಿಲ್ಲ.

ಅದು ಮೊಳದುದ್ದದ ಪ್ಲಾಸ್ಟಿಕ್ ಹಡಗು. ಹಿಂದೆ ಸಮುದ್ರ ದಾಟುವ ಪ್ರಯಾಣಿಕರನ್ನು ಹೊತ್ತು ಓಡಾಡುತ್ತಿದ್ದ 'ಲೇಡಿ ಆಗಸ್ಟಾ' ಎಂಬ ಹಡಗಿನ ಪುಟ್ಟ ಪಡಿಯಚ್ಚು. ಬಂಗಲೆಯ ಅಟ್ಟ ಗುಡಿಸುವಾಗ ರಟ್ಟಿನ ಪೆಟ್ಟಿಗೆಯಲ್ಲಿ ಚೂರುಚೂರಾಗಿ ಸಿಕ್ಕಿತ್ತು. ಎಸ್ಟೇಟಿನ ಯಜಮಾನರಾದ ಗುರುವಯ್ಯನವರ ತಂದೆ ಯಾವ ಕಾಲದಲ್ಲೋ ಬೊಂಬಾಯಿಯಿಂದ ತಂದು ಮರೆತದ್ದಂತೆ. ಮುಚ್ಚಳದ ಮೇಲೆ ನೀಲಿ ಸಮುದ್ರ ಸೀಳಿಕೊಂಡು ಬರುವ ಬಿಳಿ ಹಡಗಿನ ಚಿತ್ರ. ಒಳಗೆ ಕಡ್ಡಿಯ ಚೌಕಟ್ಟುಗಳಿಗೆ ಅಂಟಿಕೊಂಡ ನೂರಾರು ಪುಟ್ಟ ಭಾಗಗಳು. ಬೇಕಾದರೆ ಇಟ್ಟುಕೊಳ್ಳಿ ಎಂದು ಗುರುವಯ್ಯನವರು ಕೊಟ್ಟುಬಿಟ್ಟರು. ಅವತ್ತಿನಿಂದ ಸೋಮಶೇಖರಪ್ಪ ಪೂರ್ತಿಯಾಗಿ ಈ ಲೋಕದವನಾಗಿ ಉಳಿಯಲಿಲ್ಲ.

ಜೋಡಿಸುವ ಕ್ರಮ ಹೇಳುವ ಹಾಳೆಯನ್ನು ಗೆದ್ದಲು ತಿಂದಿತ್ತು, ಅಂಟು ಕಲ್ಲಾಗಿತ್ತು. ಅವನು ಮುಚ್ಚಳದ ಚಿತ್ರ ನೋಡಿಕೊಂಡೇ ಕಟ್ಟಿದ. ಮಿಕ್ಕ ಪ್ಲಾಸ್ಟಿಕ್ಕನ್ನು ಬಣ್ಣಕ್ಕೆ ಬೆರೆಸುವ ತಿನ್ನರಿನಲ್ಲಿ ಕರಗಿಸಿ ತಾನೇ ಅಂಟು ಮಾಡಿಕೊಂಡ. ಚೌಕಟ್ಟಿನ ಕಡ್ಡಿಯನ್ನು ದೀಪದ ಮೇಲೆ ಹದವಾಗಿ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆಂದು ಕಂಡುಕೊಂಡು, ಹಡಗಿನ ಕಂಬಗಳಾದ ಕೂವೆಮರಗಳಿಗೆ ಆ ಎಳೆಗಳನ್ನೇ ಹಗ್ಗವಾಗಿ ಬಿಗಿದ. ಏಲಕ್ಕಿ ಕಾಯಿಯಷ್ಟು ದೊಡ್ಡ ದೋಣಿಗಳನ್ನು ಚಿಮಟದಲ್ಲಿ ಹಿಡಿದು ಎರಡೂ ಪಕ್ಕದಲ್ಲಿ ತೂಗುಹಾಕಿದ. ಇಷ್ಟು ದೊಡ್ಡ ಹಡಗು ಹಗುರವಾಗಿ ಅಲ್ಲಾಡಿದರೆ ಮರ್ಯಾದೆಯಲ್ಲವೆಂದು, ಮೇಲಿನ ಅಟ್ಟಣೆ ಮುಚ್ಚುವ ಮುಂಚೆ ತಳದಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ಸ್ಪ್ರೇಯರಿನ ಹಳೇ ನಟ್ಟುಗಳನ್ನು ಅಂಟಿಸಿ ಭಾರ ಮಾಡಿದ. ಹಿಂಬದಿಯಲ್ಲಿ, ನೀರಿನೊಳಗೆ ಮುಳುಗಿರಬೇಕಾದ ಕಡೆ, ಎರಡು ತೂತುಗಳು ಮಾತ್ರ ಹಾಗೇ ಉಳಿದವು. ಅಲ್ಲಿ ನೀರು ಕಡೆಯುವ ಎರಡು ಫ್ಯಾನು ಇರಬೇಕಿತ್ತು. ಪೆಟ್ಟಿಗೆಯಲ್ಲಿ ಅವು ಇರಲೇ ಇಲ್ಲ.

ಬೆಳಿಗ್ಗೆ ಚಾರ್ಮಾಡಿ ಕಡೆಯ ಕಣಿವೆಯಲ್ಲಿ ಮಂಜು ತುಂಬಿ ನಿಂತಾಗ ಸೋಮಶೇಖರಪ್ಪ ಹಡಗನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚುತ್ತಿದ್ದ. ಸ್ವಲ್ಪ ಹೊತ್ತಿಗೆ ಹಿಡಿದ ಕೈ ಮಾಯವಾಗುತ್ತಿತ್ತು. ಕಣಿವೆ ತುಂಬ ಬಿಳಿಯ ಸಮುದ್ರ, ಅದರ ಮೇಲೆ ಸದ್ದಿಲ್ಲದೆ ತೇಲುವ ಲೇಡಿ ಆಗಸ್ಟಾ, ಆಚೆ ದ್ವೀಪಗಳಾಗಿ ತಲೆ ಎತ್ತಿದ ಗುಡ್ಡದ ನೆತ್ತಿಗಳು. ಮೇಲಿನ ಅಟ್ಟಣೆಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಅವನು ಕೂತಿರುತ್ತಿದ್ದ. ಬಿಳಿ ಕೋಟಿನವರೊಬ್ಬರು ಕಾಫಿ ತಂದುಕೊಡುತ್ತಿದ್ದರು. ಕಾಫಿ ಮಾತ್ರ ಅವನದೇ ಎಸ್ಟೇಟಿನದು. ಹಡಗು ಕೂಗುವುದೊಂದು ಬಾಕಿ ಎನ್ನುವಾಗ ಮೇಸ್ತ್ರಿ ಬಂದು ಇವತ್ತು ಆಳುಗಳನ್ನು ಯಾವ ಕಡೆ ಬಿಡುವುದು ಎಂದು ಕೇಳುತ್ತಿದ್ದ.

ಇಷ್ಟೆಲ್ಲ ಹುಚ್ಚಿದ್ದರೂ ಅವನು ನಿಜವಾದ ಸಮುದ್ರವನ್ನು ನೋಡಿರಲಿಲ್ಲ. ಸಮುದ್ರವೇನು ದೂರವಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮಂಗಳೂರು. ಆದರೆ ನಡುವೆ ಚಾರ್ಮಾಡಿ ಘಾಟಿ ಇತ್ತು. ಮದುವೆಗೆ ಮುಂಚೆ ಒಮ್ಮೆ ಧರ್ಮಸ್ಥಳಕ್ಕೆಂದು ಹೊರಟವನು ಮೂರನೇ ತಿರುವಿನಲ್ಲೇ, ಬೆಳಿಗ್ಗೆ ತಿಂದ ಕಡುಬನ್ನೆಲ್ಲ ಪಕ್ಕದಲ್ಲಿ ಕೂತವರ ಮಡಿಲಿಗೆ ಒಪ್ಪಿಸಿ, ನಾಚಿಕೆಯಿಂದ ಅವರ ಮುಖವನ್ನೂ ನೋಡದೆ ಬಸ್ಸಿಳಿದು, ನಡೆದುಕೊಂಡೇ ವಾಪಸು ಬಂದಿದ್ದ. ಅದನ್ನು ಅವನು ಯಾರೆದುರೂ ಬಾಯಿಬಿಟ್ಟಿರಲಿಲ್ಲ.

ಹೀಗಿರುವಾಗ ಹೆಂಡತಿ ಪ್ರೇಮಕುಮಾರಿ ಮದುವೆಯಾದ ಹೊಸದರಲ್ಲಿ ಹೇಳಿಕೊಂಡ ಆಸೆ ಒಂದೇ ಒಂದು: ಸಮುದ್ರ ನೋಡಬೇಕು. ಹಡಗು ಮುಗಿಯಲಿ, ಮರುದಿನವೇ ಹೋಗೋಣ ಎಂದು ಅವನು ಮಾತು ಕೊಟ್ಟ. ಅಲ್ಲಿಂದ ಮುಂದೆ ಹಡಗು ಮುಗಿಯದಂತೆ ನೋಡಿಕೊಳ್ಳುವುದು ಅದನ್ನು ಕಟ್ಟುವುದಕ್ಕಿಂತ ದೊಡ್ಡ ಕೆಲಸವಾಯಿತು. ಕಿಟಕಿಗಳಿಗೆ ಮಸಿ ತುಂಬುವುದರಲ್ಲಿ ಒಂದು ಮಳೆಗಾಲ ಕಳೆದ, ಕೊಳವೆಯ ಕೆಂಪು ಸರಿಯಿಲ್ಲವೆಂದು ಕೆರೆದು ಬಳಿಯುವುದರಲ್ಲಿ ಇನ್ನೊಂದು. ಈಗ ಫ್ಯಾನಿನ ನೆಪವೊಂದು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಮೊನ್ನೆ ಪ್ರೇಮಕುಮಾರಿ, "ಫ್ಯಾನು ಒಂದೇನಾ ಬಾಕಿ? ಬೇರೆ ಎಂತದೂ ಇಲ್ವಾ?" ಎಂದು ಕೇಳಿದ್ದಳು. ಅಷ್ಟು ಹಳೇ ಹಡಗಿನ ಫ್ಯಾನು ಈ ಜನ್ಮದಲ್ಲಿ ಸಿಗುವುದಿಲ್ಲವೆಂಬ ಧೈರ್ಯದ ಮೇಲೆ ಸೋಮಶೇಖರಪ್ಪ, ಅದೊಂದೇ ಬಾಕಿ ಎಂದು ದೇವರ ಮೇಲೆ ಆಣೆ ಹಾಕಿ ಹೇಳಿದ್ದ.

ಈಗ ಅವನು ಹಡಗೆಲ್ಲಿ ಎಂದು ಕೂಗಿದಾಗ ಒಳಗಿನಿಂದ ಪ್ರೇಮಕುಮಾರಿಯ ನಿಧಾನದ ಉತ್ತರ ಬಂತು. ಪಕ್ಕದ ಮನೆಯ ಮುತ್ತಮ್ಮ ಪೂಜೆಗೆಂದು ಕತ್ತಿ, ಗುದ್ದಲಿ, ತಕ್ಕಡಿ ಎಲ್ಲ ಬಾಚಿಕೊಂಡು ಹೋದಳಂತೆ. ಹಡಗೂ ಅದರ ಜೊತೆಗೇ ಹೋಗಿರಬಹುದಂತೆ.

ಸೋಮಶೇಖರಪ್ಪ ಅಂಗಿಯ ಗುಂಡಿಯನ್ನು ದಾರಿಯಲ್ಲಿ ಹಾಕಿಕೊಳ್ಳುತ್ತಾ ಪಲ್ಪರ್ ಮನೆಗೆ ಓಡಿದ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರವನ್ನು ಕೊಯ್ಲಿಗೆ ಮುಂಚೆ ತೊಳೆದು ಹೂವು ಮುಡಿಸಿದ್ದರು. ಅದರ ಮುಂದೆ ಜೀಪು, ಸ್ಪ್ರೇಯರುಗಳು, ಕತ್ತಿಗಳ ರಾಶಿ, ಆಫೀಸಿನ ಟೈಪ್‌ರೈಟರು. ಸಾಲಿನ ಕೊನೆಯಲ್ಲಿ ಲೇಡಿ ಆಗಸ್ಟಾ. ಇನ್ನೂ ಹಸಿಯಿದ್ದ ಹೊಗೆಕೊಳವೆಗಳ ಮೇಲೆ ಅರಿಶಿನ ಕುಂಕುಮದ ಬೊಟ್ಟು, ಮೂತಿಯಿಂದ ಬಾಲದವರೆಗೆ ಚೆಂಡುಹೂವಿನ ಮಾಲೆ. ಚಕ್ರ ಎಲ್ಲೂ ಕಾಣದೆ ಮುತ್ತಮ್ಮ ನಿಂಬೆಹಣ್ಣನ್ನು ಮೂತಿಯ ಮುಂದೆ ಇಟ್ಟಿದ್ದಳು.

"ಅದೂ ವಾಹನ ತಾನೆ ರೈಟ್ರೆ," ಎಂದಳು ಮುತ್ತಮ್ಮ. "ಎಲ್ಲಾರಿಗೂ ಪೂಜೆ ಮಾಡಿ ಅದೊಂದನ್ನ ಮೂಲೇಲಿ ಬಿಟ್ರೆ ಬೇಜಾರು ಮಾಡ್ಕೊಳ್ಳಲ್ವಾ?"

ಸೋಮಶೇಖರಪ್ಪನಿಗೆ ಹೊಟ್ಟೆ ಉರಿಯಿತು. ಮರುಕ್ಷಣವೇ ಅದೇ ಹೊಟ್ಟೆಗೆ ತಂಪೂ ಆಯಿತು. ಹಸಿ ಬಣ್ಣಕ್ಕೆ ಅಂಟಿದ ಅರಿಶಿನ ತೆಗೆಯುವುದೆಂದರೆ ಸುಮ್ಮನೆಯೇ? ಎಲ್ಲರಿಗೂ ಕೇಳಿಸುವಂತೆ ನಿಟ್ಟುಸಿರು ಬಿಟ್ಟು, ಇನ್ನು ಇದನ್ನು ಸರಿಮಾಡುವಷ್ಟರಲ್ಲಿ ಯುಗಾದಿ ಬರುತ್ತದೆ ಎಂದ. ಆದರೆ ಗುರುವಯ್ಯನವರು ಹತ್ತಿರ ಬಂದು ಬಗ್ಗಿ ನೋಡಿ, ಅರಿಶಿನ ಖಂಡಿತ ತೆಗೆಯಬೇಡಿ, ಈಗಲೇ ಲಕ್ಷಣವಾಗಿ ಕಾಣುತ್ತದೆ ಎಂದುಬಿಟ್ಟರು.

ಪೂಜೆಗೆ ಬಂದಿದ್ದ ಶಂಭು ಭಟ್ಟರು ಮಂಗಳಾರತಿ ಎತ್ತಿದರು. ಆಮೇಲೆ ಎಂದಿನಂತೆ ಪೂಜೆಯಾದದ್ದೆಲ್ಲ ಒಂದೊಂದು ಸಲ ಅಲುಗಿತು. ಡ್ರೈವರ್ ವಿಘ್ನೇಶ ಜೀಪನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಕಣಕ್ಕೊಂದು ಸುತ್ತು ಹಾಕಿದ. ಪಲ್ಪರ್ ಗಡಗಡ ತಿರುಗಿತು. ಸ್ಪ್ರೇಯರು ಉಸ್ಸೆಂದಿತು. ಟೈಪ್‌ರೈಟರಿನಲ್ಲಿ ಗುರುವಯ್ಯನವರೇ ಒಂದು ಅಕ್ಷರ ಕುಟ್ಟಿದರು. ಎಲ್ಲರ ಕಣ್ಣೂ ನಿಧಾನವಾಗಿ ಹಡಗಿನ ಕಡೆ ತಿರುಗಿತು.

ಪೂಜೆಯಾದ ವಾಹನ ನಿಂತಲ್ಲೇ ನಿಲ್ಲಬಾರದು ಎಂದರು ಭಟ್ಟರು. ಇದು ವಾಹನವಲ್ಲ, ನೋಡಲಿಕ್ಕೆ ಇಟ್ಟ ಆಟಿಕೆ ಎಂದು ಸೋಮಶೇಖರಪ್ಪ ಬಿನ್ನವಿಸಿದ. ಇಷ್ಟು ಹೊತ್ತು ತಾವು ಆಟಿಕೆಗೆ ಮಂತ್ರ ಹೇಳಿದಂತಾಯಿತೇ ಎಂದು ಭಟ್ಟರ ಮುಖ ಕಪ್ಪಿಟ್ಟಿತು. ಒಂದು ನಿಂತರೆ ಎಲ್ಲವೂ ನಿಲ್ಲುತ್ತದೆ, ನಾಳೆ ಕೊಯ್ಲಿನ ನಡುವೆ ಪಲ್ಪರ್ ಕೆಟ್ಟರೆ ಹಣ್ಣೆಲ್ಲ ಕೊಳೆಯುತ್ತದೆ ಎಂದು ಮುತ್ತಮ್ಮ ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವ ಹಾಗೆ ಎಲ್ಲರಿಗೂ ಹೇಳಿದಳು. ಪಲ್ಪರ್ ಎಂದ ಕೂಡಲೆ ಗುರುವಯ್ಯನವರು ಗಂಭೀರರಾದರು.

"ಹಣ್ಣು ತೊಳೆಯೋ ಟ್ಯಾಂಕಲ್ಲಿ ನೀರು ತುಂಬಿದೆಯಲ್ಲ ರೈಟ್ರೆ," ಎಂದರು. "ಒಂದು ಸುತ್ತು ಬಿಟ್ಟುಬಿಡಿ ಮಾರಾಯ್ರೆ."

ಸೋಮಶೇಖರಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಹಿಂದೆರಡು ತೂತು, ತಳದಲ್ಲಿ ಕಬ್ಬಿಣದ ನಟ್ಟು. ನೀರಿಗಿಟ್ಟರೆ ಮುಳುಗದೆ ಏನಾಗುತ್ತದೆ? ಇನ್ನೇನು ಕೈ ಮುಗಿದು ಬೇಡವೆನ್ನಬೇಕು, ಅಷ್ಟರಲ್ಲಿ ಅವನಿಗೆ ಇನ್ನೊಂದು ಹೊಳೆಯಿತು. ಮುಳುಗಲಿ. ಟ್ಯಾಂಕು ಸೊಂಟದಷ್ಟು ಆಳ, ಎತ್ತಿಕೊಂಡರಾಯಿತು. ಬಣ್ಣ ಏಳುತ್ತದೆ, ಹಗ್ಗ ಹರಿಯುತ್ತದೆ, ಒಳಗೆ ನೀರು ನಿಲ್ಲುತ್ತದೆ. ಮತ್ತೆ ಬಿಚ್ಚಿ ಕಟ್ಟಲು ಎಷ್ಟು ಮಳೆಗಾಲ ಬೇಕೋ ಯಾರು ಬಲ್ಲರು. ಮಗ ಪರೀಕ್ಷೆಯಲ್ಲಿ ನಪಾಸಾಗಲಿ ಎಂದು ಹರಕೆ ಹೊತ್ತ ಅಪ್ಪನ ಹಾಗೆ ಅವನಿಗೆ ಸಂಕಟವೂ ನಾಚಿಕೆಯೂ ಒಟ್ಟಿಗೆ ಆದವು. ಹಿರಿಯರು ಹೇಳಿದ ಮೇಲೆ ಇಲ್ಲವೆನ್ನಲಾರೆ ಎಂದು ತಲೆ ತಗ್ಗಿಸಿದ.

ಎಲ್ಲರೂ ಅವನ ಹಿಂದೆ ಟ್ಯಾಂಕಿನ ಸುತ್ತ ನೆರೆದರು. ಬೆಳಗಿನ ಬಿಸಿಲು ಆಗಲೇ ಮಾತು ತಪ್ಪಿತ್ತು. ಕಣಿವೆಯಿಂದ ಎದ್ದ ಮಂಜು ಕಾಫಿ ಗಿಡಗಳ ನಡುವೆ ನುಸುಳಿ ಬಂದು ನೀರಿನ ಮೇಲೆ ಹರಡುತ್ತಿತ್ತು. ಸೋಮಶೇಖರಪ್ಪ ಮಾಲೆ ತೆಗೆದ. ನೋಡಲಾರದೆ ಕಣ್ಣು ಮುಚ್ಚಿಕೊಂಡೇ ಹಡಗನ್ನು ಪೀಠದಿಂದ ಬಿಡಿಸಿ ನೀರಿಗೆ ಇಳಿಸಿದ. ತಪ್ಪಾಯಿತು ತಾಯಿ ಎಂದು ಲೇಡಿ ಆಗಸ್ಟಾಳಿಗೆ ಮನಸ್ಸಿನಲ್ಲೇ ಹೇಳಿ ಕೈ ಬಿಟ್ಟ.

ಗುಳುಗುಳು ಸದ್ದಿಗೆ ಕಾದ. ಬರಲಿಲ್ಲ. ಕಣ್ಣು ತೆರೆದ.

ಹಡಗು ಒಮ್ಮೆ ಎಡಕ್ಕೆ ವಾಲಿ, ಒಮ್ಮೆ ಬಲಕ್ಕೆ ವಾಲಿ, ತಳದ ನಟ್ಟುಗಳ ಭಾರಕ್ಕೆ ನೆಟ್ಟಗೆ ನಿಂತಿತು. ಟ್ಯಾಂಕಿಗೆ ಪೈಪಿನಿಂದ ಬೀಳುವ ನೀರಿನ ಸೆಳೆತಕ್ಕೆ ಮೂತಿ ತಿರುಗಿಸಿಕೊಂಡು ಮೆಲ್ಲಗೆ ಹೊರಟಿತು. ಮಂಜು ಟ್ಯಾಂಕಿನ ಆಚೆಯ ಅಂಚನ್ನು ನುಂಗಿದ್ದರಿಂದ ನೀರಿಗೆ ಕೊನೆಯೇ ಇರಲಿಲ್ಲ. ಲೇಡಿ ಆಗಸ್ಟಾ ಆ ಬಿಳುಪಿನೊಳಗೆ ಹೋದಳು. ಮೊದಲು ಹೊಗೆಕೊಳವೆ, ಆಮೇಲೆ ಕೂವೆಮರ ಮಸುಕಾದವು. ಭಟ್ಟರ ಕೈಯ ಗಂಟೆ ಅಪ್ಪಿತಪ್ಪಿ ಒಮ್ಮೆ ಅಲುಗಿ ಕಿಣಿ ಎಂದಿತು. ಸೋಮಶೇಖರಪ್ಪ ಇಷ್ಟು ದಿನ ಕಾದಿದ್ದ ಹಡಗಿನ ಕೂಗು ಅದೇ ಇರಬೇಕು. ಅವನು ಅಟ್ಟಣೆಯ ಬೆತ್ತದ ಕುರ್ಚಿಯಲ್ಲಿದ್ದ, ಗಾಳಿಯಲ್ಲಿ ಉಪ್ಪಿನ ವಾಸನೆಯಿತ್ತು, ಹೊಟ್ಟೆ ಒಂದಿಷ್ಟೂ ತೊಳಸಲಿಲ್ಲ. ಘಾಟಿ, ನೆಪ, ಯುಗಾದಿ ಎಲ್ಲ ಮರೆತುಹೋಯಿತು. ಅವನ ಹಡಗು ತೇಲುತ್ತಿತ್ತು, ಅವನಿಗೆ ಅಳು ಬರುವಷ್ಟು ಸಂತೋಷವಾಗಿತ್ತು.

ಟ್ಯಾಂಕು ಸುತ್ತಿ ಮಂಜಿನಿಂದ ಹೊರಬಂದ ಲೇಡಿ ಆಗಸ್ಟಾ ನೇರವಾಗಿ ಅವನ ಕೈಗೆ ಬಂದು ತಾಗಿದಳು. ಅವನು ಎತ್ತಿ ಹಿಂಬದಿ ತಿರುಗಿಸಿ ನೋಡಿದ. ಎರಡು ತೂತುಗಳಿಗೂ ಹಲಸಿನ ಮೇಣ ಮೆತ್ತಿತ್ತು. ಮೇಣದ ನಡುವಿನಿಂದ ಎರಡು ಲವಂಗ ಇಣುಕುತ್ತಿದ್ದವು. ತೊಟ್ಟು ತೂತಿನೊಳಗೆ, ನಾಲ್ಕು ಎಸಳು ಬಿಚ್ಚಿದ ತಲೆ ಹೊರಗೆ. ಫ್ಯಾನೆಂದರೆ ಫ್ಯಾನು, ಮುಚ್ಚಳದ ಚಿತ್ರದಲ್ಲೂ ಅಷ್ಟು ಚೆನ್ನಾಗಿರಲಿಲ್ಲ.

ತಲೆ ಎತ್ತಿದರೆ ಎದುರಿಗೆ ಪ್ರೇಮಕುಮಾರಿ ನಿಂತಿದ್ದಳು.

"ನಿನ್ನೆ ನೀವು ಸಂತೆಗೆ ಹೋಗಿದ್ದಾಗ ಕೂರಿಸ್ದೆ," ಎಂದಳು. "ಅದೊಂದೇ ಬಾಕಿ ಅಂದಿದ್ರಲ್ಲ."

ದೇವರ ಮೇಲಿನ ಆಣೆ ನೆನಪಾಗಿ ಸೋಮಶೇಖರಪ್ಪ ಲವಂಗಗಳನ್ನೇ ನೋಡುತ್ತಾ ನಿಂತ. ಕನ್ನಡಕ ಒರೆಸಿಕೊಳ್ಳುತ್ತಿದ್ದ ಗುರುವಯ್ಯನವರು ಅದನ್ನು ಬೇರೆಯೇ ಬಗೆಯಲ್ಲಿ ಅರ್ಥ ಮಾಡಿಕೊಂಡರು. ಇಂಥ ಹಡಗು ಕಟ್ಟಿದ ಮನುಷ್ಯ ಸಮುದ್ರ ನೋಡಿಲ್ಲವೆಂದರೆ ಎಸ್ಟೇಟಿಗೇ ಅವಮಾನವೆಂದರು. ನಾಳೆ ಹೇಗೂ ರಜೆ, ಜೀಪಿಗೂ ಪೂಜೆಯಾಗಿದೆ, ಗಂಡಹೆಂಡತಿ ಇಬ್ಬರೂ ಮಂಗಳೂರಿಗೆ ಹೋಗಿಬನ್ನಿ ಎಂದು ಅಪ್ಪಣೆ ಕೊಟ್ಟರು. ಘಾಟಿಯಲ್ಲಿ ತಾನು ಬ್ರೇಕೇ ಮುಟ್ಟುವುದಿಲ್ಲ, ಹತ್ತು ಗಂಟೆಗೆ ಸಮುದ್ರ ತೋರಿಸುತ್ತೇನೆ ಎಂದು ವಿಘ್ನೇಶ ಧೈರ್ಯ ಹೇಳಿದ.

ಮನೆಯ ದಾರಿಯಲ್ಲಿ ಸೋಮಶೇಖರಪ್ಪ ಹಡಗನ್ನು ಒಂದು ಕೈಯಲ್ಲಿ ಅವುಚಿಕೊಂಡು ನಡೆದ. ಪ್ರೇಮಕುಮಾರಿ ಸೆರಗಿನ ಗಂಟು ಬಿಚ್ಚಿ ಅವನ ಖಾಲಿ ಕೈಗೆ ಏನನ್ನೋ ಹಾಕಿದಳು. ಹಡಗಿನ ಮುಂದೆ ಇಟ್ಟಿದ್ದ, ಯಾವ ಚಕ್ರವೂ ಹತ್ತದೆ ಉಳಿದ ನಿಂಬೆಹಣ್ಣು. ಜೊತೆಗೆ ನಾಲ್ಕು ಲವಂಗ.

"ನಿಂಬೆಹಣ್ಣು ಮೂಸೋಕೆ, ಲವಂಗ ಬಾಯಿಗೆ. ಮೂರನೇ ತಿರುವಿಗೆ ಮುಂಚೆನೇ ಹಾಕ್ಕೊಳ್ಳಿ."

ಸೋಮಶೇಖರಪ್ಪ ನಿಂತುಬಿಟ್ಟ. "ಮೂರನೇ ತಿರುವು ಅಂತ ನಿಂಗ್ಯಾರು ಹೇಳಿದ್ದು?"

"ಅವತ್ತು ಬಸ್ಸಲ್ಲಿ ನಿಮ್ಮ ಪಕ್ಕ ಕೂತಿದ್ದೋರು ನಮ್ಮಪ್ಪ," ಎಂದಳು ಪ್ರೇಮಕುಮಾರಿ. "ನೀವು ಹೆಣ್ಣು ನೋಡೋಕೆ ಬಂದಾಗ್ಲೇ ಗುರುತು ಹಿಡಿದ್ರು. ಈ ಹುಡುಗ ಘಾಟಿ ಇಳಿಯೋನಲ್ಲ, ಹೆಂಡ್ತೀನ ಬಿಟ್ಟು ಎಲ್ಲಿಗೂ ಹೋಗಲ್ಲ ಅಂತ್ಲೇ ಒಪ್ಪಿಕೊಂಡಿದ್ದು."

ಅವಳು ಮುಂದೆ ನಡೆದಳು. ಸೋಮಶೇಖರಪ್ಪನಿಗೆ ಕಾಲಡಿಯ ದಾರಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ವಾಲಿದಂತಾಯಿತು. ಅವನು ನಿಂಬೆಹಣ್ಣನ್ನು ಮೂಗಿಗೆ ಒತ್ತಿ ಹಿಡಿದ. ಜೀಪು ಇನ್ನೂ ಪಲ್ಪರ್ ಮನೆಯ ಮುಂದೆಯೇ ನಿಂತಿತ್ತು.