ಎಂಬಿ ಉಳಿಸುವ ಮಾಮಾ

ನಮ್ಮ ಮಾಮಾನ ಕೈಗೆ ಒಂದು ಆನೆ ಕೊಟ್ಟು ನೋಡಿ, ಸಂಜೆಯೊಳಗೆ ಅದನ್ನು ಇಲಿ ಮಾಡಿ ವಾಟ್ಸಾಪಿನಲ್ಲಿ ಕಳಿಸಿಬಿಡುತ್ತಾರೆ. ಇಲಿಗೆ ಸೊಂಡಿಲೂ ಇರುತ್ತದೆ, ಅದರಲ್ಲೇನೂ ಮೋಸವಿಲ್ಲ. ಆದರೆ ಅದು ಸೊಂಡಿಲೋ ಬಾಲವೋ ಎಂದು ಗುರುತು ಹಿಡಿಯುವುದು ಮಾತ್ರ ನೋಡುವವರ ಪುಣ್ಯ!

ಮಾಮಾ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನು ಹಾಗೇ ಕರೆಯುವುದು. ಕುಷ್ಟಗಿಯ ಒಂದು ಡಿಗ್ರಿ ಕಾಲೇಜಿನಲ್ಲಿ ಅವರಿಗೆ ಕೆಲಸ. ಹುದ್ದೆಯ ಹೆಸರು ‘ಕಲಿಕಾ ತಂತ್ರಜ್ಞಾನ ಸಂಯೋಜಕ’. ಕೇಳಿದರೆ ಇವರಿಗೆ ಕಾರು, ಡ್ರೈವರು ಎಲ್ಲ ಇರಬೇಕು ಅನ್ನಿಸುತ್ತದೆ. ಇರುವುದು ಒಂದು ಹಳೆಯ ಲ್ಯಾಪ್‌ಟಾಪು, ಸ್ಮಾರ್ಟ್ ಕ್ಲಾಸಿನ ಬೀಗದ ಕೈ ಮತ್ತು ವರ್ಷವರ್ಷವೂ ನವೀಕರಣಕ್ಕೆ ಕಾಯಬೇಕಾದ ಗುತ್ತಿಗೆಯ ಆದೇಶ. ಪ್ರಾಧ್ಯಾಪಕರ ಪಾಠಗಳನ್ನು ವಿಡಿಯೋ ಮಾಡಿ ಹುಡುಗರ ಫೋನಿಗೆ ಮುಟ್ಟಿಸುವುದು, ಮುನಿಸಿಕೊಂಡ ಪ್ರೊಜೆಕ್ಟರನ್ನು ರಮಿಸುವುದು, ಮೈಕು ಬಂದ್ ಇಟ್ಟುಕೊಂಡೇ ಆನ್‌ಲೈನ್ ಪಾಠ ಮುಗಿಸಿ ಬೆವರು ಒರೆಸಿಕೊಳ್ಳುವ ಹಿರಿಯರಿಗೆ ಸಮಾಧಾನ ಹೇಳುವುದು, ಇಷ್ಟೂ ಅವರ ಪಾಲಿನ ಕೆಲಸ. ಅಷ್ಟುದ್ದದ ಹೆಸರನ್ನು ಯಾರು ಹೇಳುತ್ತಾರೆ? ಊರವರು ‘ವಿಡಿಯೋ ಮಾಸ್ತರು’ ಎಂದು ಮುಗಿಸಿಬಿಟ್ಟಿದ್ದಾರೆ.

ಈ ವಿಡಿಯೋ ಮಾಸ್ತರಿಗೆ ಹತ್ತಿದ ಚಟವೆಂದರೆ ಎಂಬಿ, ಅಂದರೆ ಫೋನಿನ ಡೇಟಾ, ಉಳಿಸುವುದು. ಯಾವ ವಿಡಿಯೋ ಸಿಕ್ಕರೂ ಹಿಂಡಿ, ಹಿಪ್ಪೆ ಮಾಡಿ, ಸಣ್ಣದು ಮಾಡದೆ ಅವರಿಗೆ ಊಟ ಸೇರುವುದಿಲ್ಲ. ಇದಕ್ಕೆ ಕಾರಣ ಬೇವೂರಿನಿಂದ ಬರುತ್ತಿದ್ದ ಬಿ.ಎ. ಓದುವ ಒಬ್ಬ ಹುಡುಗಿ. “ಪಾಠ ಯಾಕ ನೋಡಿಲ್ಲವಾ?” ಎಂದು ಮಾಮಾ ಒಮ್ಮೆ ಗದರಿದ್ದಕ್ಕೆ ಅವಳು, “ಮನ್ಯಾಗ ಇರೋದು ಒಂದ ಫೋನ್‌ರಿ ಸರ. ಅಪ್ಪ, ಅಣ್ಣ ನೋಡಿ ಬಿಟ್ಟ ಮ್ಯಾಲ ಉಳದ ಡೇಟಾ ನಂದು. ನಿಮ್ಮ ಪಾಠ ಭಾಳ ದಪ್ಪ ಅದಾವ್ರಿ, ಅಷ್ಟರಾಗ ಹಿಡಿಯಂಗಿಲ್ಲ” ಎಂದಳಂತೆ. ಮಾಮಾ ಅವತ್ತೇ ಮನೆಯ ವೈಫೈ ತೆಗೆಸಿ ಹಾಕಿದರು. ಹುಡುಗರು ಹಾಕಿಸಿಕೊಳ್ಳುವ ದಿನದ ಪ್ಯಾಕನ್ನೇ ತಾವೂ ಹಾಕಿಸಿಕೊಂಡರು. ತಮ್ಮ ಫೋನಿನಲ್ಲಿ ಓಡಿದ್ದು ಮಾತ್ರ ಹುಡುಗರ ಫೋನಿನಲ್ಲಿ ಓಡುತ್ತದೆ ಎಂಬುದು ಅವರ ಸಿದ್ಧಾಂತ. ಮೇಲೆ ಹೆಚ್ಚಿನ ಡೇಟಾ ಹಾಕಿಸುವುದು ಅವರ ಲೆಕ್ಕದಲ್ಲಿ ಪರೀಕ್ಷೆಯಲ್ಲಿ ನಕಲು ಹೊಡೆದಂತೆ.

ಸಿದ್ಧಾಂತವೇನೋ ದೊಡ್ಡದು, ಆದರೆ ಚಿತ್ರಗಳು ಸಣ್ಣವಾದವಲ್ಲ! ಇತಿಹಾಸದ ಪ್ರಾಧ್ಯಾಪಕರು ಬಿಸಿಲಿನಲ್ಲಿ ಇಟಗಿಗೆ ಹೋಗಿ ಮಹಾದೇವ ದೇವಾಲಯದ ಒಂದೊಂದು ಕಂಬದ ಮುಂದೂ ನಿಂತು ಪಾಠ ಮಾಡಿ ಬಂದರು. ಮಾಮಾ ಅದನ್ನು ಹಿಂಡಿದ ಹಿಂಡುವಿಕೆಗೆ, ಒಂಬೈನೂರು ವರ್ಷ ಗಾಳಿ ಮಳೆಗೆ ಜಗ್ಗದ ಕಂಬಗಳು ಒಂದೇ ರಾತ್ರಿಯಲ್ಲಿ ಕರಗಿಹೋದವು. ಒಬ್ಬ ಹುಡುಗ, “ಸರ, ಇದು ಗುಡಿನೋ ಹುತ್ತನೋ?” ಎಂದು ಕೇಳಿ ಕಳಿಸಿದ. ಪ್ರಾಧ್ಯಾಪಕರು ಸಿಟ್ಟಿನಿಂದ ಸ್ಮಾರ್ಟ್ ಕ್ಲಾಸಿಗೆ ನುಗ್ಗಿದರು. ಮಾಮಾ ತಣ್ಣಗೆ, “ಪಾಠ ಕೇಳೋದು ಕಿವಿಲೇರಿ ಸರ. ಕಣ್ಣಿಗೆ ನಾಕು ಫೋಟೋ ಬ್ಯಾರೆ ಕೊಡೋಣು, ಸ್ವಚ್ಛ ಇರೋವು” ಎಂದರು. ಹಾಗೇ ಮಾಡಿದರು ಕೂಡ. ಆ ಪಾಠವನ್ನು ಆ ವರ್ಷ ಎಲ್ಲ ಹುಡುಗರೂ ಕೇಳಿದರಂತೆ. ಪ್ರಾಧ್ಯಾಪಕರು ಮಾತ್ರ ಇಂದಿಗೂ ಮಾಮಾನ ಕೂಡ ಚಹಾ ಕುಡಿಯುವುದಿಲ್ಲ.

ನನ್ನ ದೂರು ಏನೂ ಇಲ್ಲ. ನನ್ನದು ಕೊಪ್ಪಳದಲ್ಲಿ ಕನ್ನಡಕದ ಅಂಗಡಿ. ಮಾಮಾನ ಹಿಂಡಿದ ವಿಡಿಯೋಗಳ ಮೊದಲ ಹಂಗಾಮಿನಲ್ಲಿ ಕುಷ್ಟಗಿ ಕಡೆಯ ಹುಡುಗರು ಸಾಲಾಗಿ ಬಂದು, “ಅಕ್ಷರ ಮಬ್ಬು ಕಾಣಾಕತ್ಯಾವ್ರಿ, ಕಣ್ಣು ತಪಾಸ ಮಾಡ್ರಿ” ಎನ್ನುತ್ತಿದ್ದರು. ತಪಾಸಿಸಿದರೆ ಎಲ್ಲರ ಕಣ್ಣೂ ಹದ್ದಿನ ಕಣ್ಣು. ದೋಷವಿದ್ದದ್ದು ನಮ್ಮ ನೆಂಟಸ್ತಿಕೆಯಲ್ಲಿ. ಹಾಗೆಂದು ಹೇಳಲಾದೀತೇ? ಹಸಿರು ತಪ್ಪಲು ಪಲ್ಯ, ಸೊಪ್ಪು ಜಾಸ್ತಿ ತಿನ್ನಿರೆಂದು ಹೇಳಿ ಕಳಿಸುತ್ತಿದ್ದೆ.

ಬುದ್ಧಿ ಇದ್ದವನಾಗಿದ್ದರೆ ನನ್ನ ಮದುವೆಯ ವಿಡಿಯೋವನ್ನು ಅವರ ಕೈಗೆ ಕೊಡುತ್ತಿರಲಿಲ್ಲ. “ಎಲ್ಲಾ ಬೀಗರಿಗೆ ನಾ ಕಳಸ್ತೀನಿ, ನೀ ಚಿಂತಿ ಬಿಡು” ಎಂದರು, ಬಿಟ್ಟೆ. ಬೀಗರ ಫೋನಿಗೆ ಹೋದ ಮದುವೆಯಲ್ಲಿ ಅಕ್ಕಿಕಾಳು ಬೀಳುವುದು ಆಲಿಕಲ್ಲಿನ ಮಳೆಯಂತೆ ಕಾಣುತ್ತಿತ್ತು. ಮುಖಗಳಿಗೆ ಮೂಗಿರಲಿಲ್ಲ. ನಮ್ಮತ್ತೆ ತಮ್ಮನ್ನು ತಾವೇ ಹುಡುಕಿ ಸೋತು, “ನಾ ಆ ಮದವಿಗೆ ಬಂದಿದ್ದೆ ಹೌದಿಲ್ಲೋ?” ಎಂದು ಕೇಳಿದರು. ನಾನು ಸಿಟ್ಟಿನಿಂದ ಮಾಮಾನಿಗೆ ಫೋನು ಮಾಡಿದರೆ ಅವರು, “ಬಾಸಿಂಗ ಕಟ್ಟಿಕೊಂಡಾವ ನೀನ. ಅಷ್ಟು ಗೊತ್ತಾದ್ರ ಸಾಕಲ್ಲ” ಎಂದು ಕಟ್ ಮಾಡಿದರು. ನನ್ನ ಹೆಂಡತಿ ಮಾತ್ರ ಖುಷಿಯಾಗಿದ್ದಳು. ಆ ವಿಡಿಯೋದಲ್ಲಿ ನಾನು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತೇನಂತೆ.

ಸುದ್ದಿಯನ್ನೂ ಅವರು ಬಿಡುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಕಾಲೇಜುಗಳಲ್ಲಿ ತಮ್ಮಂತೆ ಪ್ರೊಜೆಕ್ಟರಿನ ಜೊತೆ ಜೀವ ಸವೆಸುವವರನ್ನೆಲ್ಲ ಸೇರಿಸಿ ಮಾಮಾ ಒಂದು ವಾಟ್ಸಾಪ್ ಗುಂಪು ಕಟ್ಟಿದ್ದಾರೆ. ಎಲ್ಲಿ ತರಬೇತಿ, ಎಲ್ಲಿ ವಿಚಾರ ಸಂಕಿರಣ, ಎಲ್ಲಿ ಹುದ್ದೆ ಖಾಲಿ ಎಂಬುದೆಲ್ಲ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಅಲ್ಲಿ ಬಂದು ಬೀಳುತ್ತದೆ. ಪುಟಗಟ್ಟಲೆ ಇಂಗ್ಲಿಷಿನ ಸುತ್ತೋಲೆ ಅವರ ಕೈಯಲ್ಲಿ ಏನಾಗುತ್ತದೆ ಗೊತ್ತೇ? ‘ಹೋಗ್ರಿ. ಊಟ ಐತಿ. ಸರ್ಟಿಫಿಕೇಟ್ ಐತಿ. ಬಸ್ ಚಾರ್ಜ್ ಇಲ್ಲ.’ ಮತ್ತೊಂದು ದಿನ, ‘ಆನ್‌ಲೈನ್. ಮಾತಾಡಾವ್ರು ಶಾಣ್ಯಾರು, ಆದ್ರ ಭಾಳ ಮಾತಾಡ್ತಾರ.’ ನಮ್ಮ ಇಡೀ ಸರ್ಕಾರದ ಸುತ್ತೋಲೆಗಳನ್ನು ಇವರ ಕೈಗೊಪ್ಪಿಸಿದರೆ ಎಷ್ಟು ಕಾಗದ ಉಳಿದೀತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಒಮ್ಮೆ ಮನೆಮಂದಿಯೆಲ್ಲ ದೇವಿಯ ದರ್ಶನಕ್ಕೆ ಹುಲಿಗಿಗೆ ಹೋಗಿದ್ದೆವು. ಹುಣ್ಣಿಮೆ, ಕಾಲಿಡಲು ಜಾಗವಿಲ್ಲ. ಮಾಮಾ ಕಿವಿಗೆ ವೈರು ಸಿಕ್ಕಿಸಿಕೊಂಡು ಪಾಳಿಯಲ್ಲಿ ನಿಂತೇ ದಿಲ್ಲಿಯ ಯಾವುದೋ ಪಂಡಿತರ ವೆಬಿನಾರು ಕೇಳುತ್ತಿದ್ದರು. ‘ಯಾರಿಗಾದರೂ ಏನಾದರೂ ಹೇಳುವುದಿದೆಯೇ?’ ಎಂದು ಪಂಡಿತರು ಕೇಳಿದ್ದಕ್ಕೂ, ನೂಕುನುಗ್ಗಲಿನಲ್ಲಿ ಮಾಮಾನ ಬೆರಳು ಮೈಕಿನ ಗುರುತಿಗೆ ತಾಗುವುದಕ್ಕೂ, ಗುಡಿಯ ಬಾಗಿಲು ಕಂಡ ಜನ ಒಮ್ಮೆಲೇ ‘ಉಧೋ ಉಧೋ’ ಎಂದು ಕೂಗುವುದಕ್ಕೂ ಸರಿಹೋಯಿತು. ಪಂಡಿತರು ಅದನ್ನು ತಮ್ಮ ಭಾಷಣಕ್ಕೆ ಸಿಕ್ಕ ಜೈಕಾರ ಎಂದೇ ತಿಳಿದು ಇನ್ನಷ್ಟು ಹೊತ್ತು ಮಾತಾಡಿದರು.

ಇಂಥ ಮಾಮಾನ ಗುಂಪಿನಲ್ಲಿ ಹೋದ ವರ್ಷ ಒಂದು ದಿನ, ‘ಕಾಯಂ ಹುದ್ದೆ. ಪಗಾರ ಛಲೋ. ಹಾಕ್ರಿ’ ಎಂಬ ಸುದ್ದಿ ಬಂತು. ಒಂದು ವಿಶ್ವವಿದ್ಯಾಲಯಕ್ಕೆ ಕಲಿಕಾ ತಂತ್ರಜ್ಞಾನದ ಅಧಿಕಾರಿ ಬೇಕಾಗಿತ್ತು. ಇರುವುದು ಒಂದೇ ಒಂದು ಹುದ್ದೆ. ಬೇರೆ ಯಾರೇ ಆಗಿದ್ದರೂ ಅದನ್ನು ಬಚ್ಚಿಟ್ಟುಕೊಂಡು ತಾವು ಮೊದಲು ಅರ್ಜಿ ಹಾಕುತ್ತಿದ್ದರು. ನಮ್ಮವರು ಊರಿಗೆಲ್ಲ ಹಂಚಿ, ಅರ್ಜಿ ಹಾಕುವವರನ್ನು ಮನೆಗೆ ಕರೆದು ಸಂದರ್ಶನಕ್ಕೆ ತಯಾರು ಮಾಡಲು ಕುಳಿತರು. ಗಂಗಾವತಿಯ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಮೆಹಬೂಬನಂತೂ ವಾರಗಟ್ಟಲೆ ಅಕ್ಕನ ಕೈಯ ರೊಟ್ಟಿ ಉಂಡ. ಕಡೆಗೆ ಅವನಿಗೇ ಸಂಕೋಚವಾಗಿ, “ಸರ, ನೀವ ಹಾಕ್ರಿ ಮೊದಲ. ನೀವು ಹಾಕದಿದ್ರ ನಾನೂ ಹಾಕಂಗಿಲ್ಲ” ಎಂದು ಹಟ ಹಿಡಿದು ಮಾಮಾನಿಂದಲೂ ಅರ್ಜಿ ಹಾಕಿಸಿದ.

ಅಕ್ಕನ ವಿಷಯ ಇಲ್ಲಿ ಹೇಳಬೇಕು. ಅಕ್ಕನಿಗೆ ಈ ಕೆಲಸ ಬೇಕೇ ಬೇಕಾಗಿತ್ತು. ಪ್ರತಿ ಬೇಸಿಗೆಯಲ್ಲೂ ಗುತ್ತಿಗೆ ಮುಂದುವರಿಯಿತೇ ಇಲ್ಲವೇ ಎಂದು ಗಂಡ ಕಾಲೇಜಿನ ಕಚೇರಿಯ ಬಾಗಿಲಲ್ಲಿ ನಿಲ್ಲುವುದನ್ನು ನೋಡಿ ಅವಳಿಗೆ ಸಾಕಾಗಿತ್ತು. ಆದರೆ ಜಗಳ ತೆಗೆಯಲು ಅವಳಿಗೆ ದನಿ ಇಲ್ಲ. ಕೆಲವು ವರ್ಷಗಳ ಹಿಂದೆ ಹುಬ್ಬಳ್ಳಿಯಲ್ಲಿ ಗಂಟಲಿನ ಗಡ್ಡೆಯ ಆಪರೇಷನ್ ಆಯಿತು. ಜೀವಕ್ಕೇನೂ ಆಗಲಿಲ್ಲ, ದನಿ ಮಾತ್ರ ಪಿಸುಮಾತಿಗೆ ಇಳಿಯಿತು. ಮೊದಲು ಅವಳು ಮನೆಯೊಳಗಿಂದ ಕರೆದರೆ ಓಣಿಯ ಆ ತುದಿಯವರು ಓಗೊಡುತ್ತಿದ್ದರು. ಈಗ ಸಿಟ್ಟು ಬಂದರೆ ಸ್ಟೀಲಿನ ತಾಟು ಬಡಿಯುತ್ತಾಳೆ. ಅರ್ಜಿ ಹಾಕುವ ತನಕ ಮಾಮಾ ಎಷ್ಟು ತಾಟಿನ ಸದ್ದು ಕೇಳಿದರೋ ಅವರಿಗೇ ಗೊತ್ತು.

ಸಂದರ್ಶನ ಆನ್‌ಲೈನಿನಲ್ಲಿ, ಬೆಳಿಗ್ಗೆ. ನಾನು ಅಂಗಡಿ ಮುಚ್ಚಿ ಕುಷ್ಟಗಿಗೆ ಹೋದೆ. ಮಾಮಾ ಇಸ್ತ್ರಿ ಅಂಗಿ ತೊಟ್ಟು ಲ್ಯಾಪ್‌ಟಾಪಿನ ಮುಂದೆ, ಅದಕ್ಕೆ ಫೋನಿನ ಡೇಟಾ ಜೋಡಿಸಿಕೊಂಡು, ಕೂತಿದ್ದರು. ಅಕ್ಕ ಕುಕ್ಕರಿನ ಸೀಟಿ ತೆಗೆದಿಟ್ಟಿದ್ದಳು. ಓಣಿಯಲ್ಲಿ ಮೈಕು ಕಟ್ಟಿಕೊಂಡು ಬರುವ ಉಳ್ಳಾಗಡ್ಡಿ ಮಾರುವವನನ್ನು ತಡೆಯಲು ನನ್ನನ್ನು ತಿರುವಿನಲ್ಲಿ ನಿಲ್ಲಿಸಿದರು. ಹಾಗಾಗಿ ಒಳಗೆ ನಡೆದದ್ದನ್ನು ನಾನು ಅಕ್ಕನಿಂದ ಕೇಳಿ ಬರೆಯುತ್ತಿದ್ದೇನೆ.

“ನಿಮ್ಮ ಮುಖ ಕಾಣುತ್ತಿಲ್ಲ, ವಿಡಿಯೋ ಆನ್ ಮಾಡಿ” ಎಂದರಂತೆ ಆ ಕಡೆಯ ದೊಡ್ಡವರು.

“ಮುಖಕ್ಕ ಎಂಬಿ ಭಾಳ ಹೋಗ್ತಾವ್ರಿ ಸರ. ಕೆಲಸ ಕೇಳ್ರಿ, ಹೇಳ್ತೀನಿ” ಎಂದರಂತೆ ಮಾಮಾ.

ಆ ಕಡೆ ನಕ್ಕರಂತೆ. ಬೇವೂರಿನ ಹುಡುಗಿಯ ಕತೆ ಕೇಳಿ ನಗು ನಿಲ್ಲಿಸಿದರಂತೆ. ಒಬ್ಬ ಮೇಡಂ ಅಂತೂ, “ಇದನ್ನು ನಮ್ಮಲ್ಲಿ ಹೇಗೆ ಮಾಡುತ್ತೀರಿ, ವಿವರಿಸಿ” ಎಂದು ಮುಂದಕ್ಕೆ ಬಾಗಿ ಕೂತರಂತೆ. ಅಕ್ಕ ಬಾಗಿಲ ಮರೆಯಲ್ಲಿ ಸೆರಗು ಹಿಡಿದು ನಿಂತಿದ್ದಳು. ಆದರೆ ನಿಯಮ ನಿಯಮವೇ, ಮುಖ ತೋರಿಸಲೇಬೇಕು ಎಂದರು. ಮಾಮಾ ಮುಖ ತೋರಿಸಿದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಮೇಡಂ ಬಾಯಿ ತೆರೆದವರು ತೆರೆದ ಹಾಗೇ ನಿಂತುಬಿಟ್ಟರು. ಫೋನಿಗೆ ಸಂದೇಶ ಬಂತು, ಇವತ್ತಿನ ಡೇಟಾ ಪೂರ್ತಿ ಮುಗಿದಿದೆ ಎಂದು.

ಎಂಬಿ ಉಳಿಸುವ ಮಾಮಾನ ಎಂಬಿ ಮುಗಿದುಹೋಗಿತ್ತು! ಅಕ್ಕ ಬಾಗಿಲಿಗೆ ಬಂದು ತಾಟು ಬಡಿದಳು. ನಾನು ಓಡಿ ಬಂದು ನನ್ನ ಫೋನು ಜೋಡಿಸುವಷ್ಟರಲ್ಲಿ ಆ ಕಡೆ ಮುಂದಿನವರನ್ನು ಕರೆದಾಗಿತ್ತು. ‘ನಿಮ್ಮ ಸಮಯ ಮುಗಿದಿದೆ, ಮತ್ತೆ ಅವಕಾಶ ಕೊಡಲಾಗದು’ ಎಂದು ಮಧ್ಯಾಹ್ನ ಮೇಲ್ ಬಂತು. ಮುಂದೆ ಆ ಹುದ್ದೆ ಮೆಹಬೂಬನಿಗೇ ಆಯಿತು. ಆ ಸುದ್ದಿಯನ್ನು ಗುಂಪಿನಲ್ಲಿ ಮೊದಲು ಹಾಕಿ, ಕುಣಿಯುವ ಗೊಂಬೆಗಳನ್ನೆಲ್ಲ ಕಳಿಸಿದವರೂ ಮಾಮಾನೇ. ಅದು ಆಮೇಲಿನ ಮಾತು.

ಆ ಮಧ್ಯಾಹ್ನ ಮಾತ್ರ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಊರಿನ ಹುಡುಗರಿಗಾಗಿ ಒಂದೊಂದು ಎಂಬಿ ಕೂಡಿಟ್ಟ ಮನುಷ್ಯ, ತನ್ನ ದಿನ ಬಂದಾಗ ಬರಿಗೈಯಲ್ಲಿ ಕೂತಿದ್ದರೆ ಯಾರಿಗೆ ಊಟ ಸೇರೀತು? ಅಕ್ಕ ಗಂಡನ ಎದುರಿಗೇ ಬಂದು ಕೂತಳು.

“ಮುಂಜಾನಿಗೆ ಪೂರಾ ಇತ್ತಲ್ರಿ ಡೇಟಾ. ಎಲ್ಲಿ ಹೋತು?” ಎಂದಳು, ಪಿಸುದನಿಯಲ್ಲೇ.

ಮಾಮಾ ಲ್ಯಾಪ್‌ಟಾಪಿನ ಅಂಚು ತಟ್ಟಿದರು. “ನಿನ್ನಿಂದ ಈ ಲ್ಯಾಪ್‌ಟಾಪ್ ಕಟಕಟ ಅನ್ನಾಕತ್ತಿತ್ತು” ಎಂದರು. ‘ನಿನ್ನಿಂದ’ ಎಂದರೆ ನಿನ್ನೆಯಿಂದ. “ಇದು ಯಾವಾಗ ಕೈ ಕೊಡತೈತೋ ಅನಿಸ್ತು. ಪೆನ್‌ಡ್ರೈವ್ ಮದಲ ಕೆಟ್ಟೈತಿ. ಇದರಾಗ ಒಂದು ವಿಡಿಯೋ ಇತ್ತು. ಅದನ್ನ ಎದ್ದ ಕೂಡಲೆ ಇಂಟರ್‌ನೆಟ್ಟಿಗೆ ಏರಿಸಿ ಇಟ್ಟೆ. ಅಷ್ಟ ದೊಡ್ಡದ ಐತಿ ಅಂತ ಅಂದಾಜ ಆಗಲಿಲ್ಲ.”

“ಸಣ್ಣದು ಮಾಡಿ ಏರಿಸಬೇಕಿಲ್ರೀ ಮಾಮಾ” ಎಂದೆ ನಾನು.

“ಅದನ್ನ ಸಣ್ಣದು ಮಾಡಿದ್ರ ದನಿ ಒಡೀತೈತಿ” ಎಂದರು ಮಾಮಾ. ಅಕ್ಕನ ಕಡೆ ನೋಡದೆ ಲ್ಯಾಪ್‌ಟಾಪ್ ತಿರುಗಿಸಿ, ಸದ್ದು ಪೂರ್ತಿ ಏರಿಸಿ ಆ ವಿಡಿಯೋ ಹಚ್ಚಿದರು.

ಆಪರೇಷನ್ನಿಗೂ ಮುಂಚಿನದು. ಹೊಸ ಕ್ಯಾಮೆರಾ ಬಂದಾಗ ಪರೀಕ್ಷೆಗೆಂದು ಹಿತ್ತಲಲ್ಲಿ ಹಿಡಿದದ್ದು. ಅಕ್ಕ ಶಾವಿಗೆ ಒಣಹಾಕುತ್ತಿದ್ದಾಳೆ. ಒಂದೊಂದು ಎಳೆಯೂ ಎಣಿಸುವಷ್ಟು ಸ್ವಚ್ಛವಾಗಿದೆ. “ನನ್ನ ಮಾರಿ ಏನ್ ಹಿಡೀತೀರಿ, ಸರೀರಿ ಆಚಿ” ಎಂದು ಗಂಡನನ್ನು ಬಯ್ಯುತ್ತಾ ತಟ್ಟನೆ ತಲೆ ಎತ್ತಿ, ಪಕ್ಕದ ಮನೆಯವರನ್ನು ಕರೆದಳು. “ಏ ಶಾಂತವ್ವಾ, ಬಾ ಲಗೂನ, ನಿಮ್ಮ ಆಡು ನಮ್ಮ ಶಾವಿಗಿ ತಿನ್ನಾಕತ್ತೈತಿ.” ಕರೆದು ಆಮೇಲೆ ಅವಳೇ ಗೊಳ್ಳೆಂದು ನಕ್ಕಳು. ಮನೆಯ ತಗಡು ಅದುರುವ ಹಾಗಿತ್ತು ಆ ದನಿ. ನಾನು ಅದನ್ನು ಮರೆತೇಬಿಟ್ಟಿದ್ದೆ.

ಅಕ್ಕ ಗಂಟಲಿನ ಗಾಯದ ಗುರುತಿನ ಮೇಲೆ ಕೈಯಿಟ್ಟುಕೊಂಡು ಕೇಳುತ್ತಾ ಕೂತಳು. “ಹಿಂಗ ಇತ್ತೇನ್ರಿ ನನ್ನ ದನಿ?” ಎಂದಳು. ಮಾಮಾ, “ಹಿಂಗ ಇತ್ತು” ಎಂದರು. ಅಷ್ಟಕ್ಕೇ ನನಗೆ ಅಳು ಬಂತು.

ಆಗಲೇ ಹೊರಗೆ ಚಪ್ಪಲಿಯ ಸದ್ದಾಯಿತು. ಶಾಂತವ್ವ ಕೈಯಲ್ಲಿ ಬಡಿಗೆ ಹಿಡಿದು, ಏದುಸಿರು ಬಿಡುತ್ತಾ ಹೊಸ್ತಿಲಲ್ಲಿ ನಿಂತಿದ್ದಳು. “ಬಂದೆ, ಬಂದೆ. ಎಲ್ಲೈತಿ ಆಡು?” ಎಂದವಳು, ಅಕ್ಕನನ್ನು ನೋಡಿದ್ದೇ ಬಡಿಗೆ ಕೆಳಗೆ ಬಿಟ್ಟಳು. ಅವಳಿಗೆ ಲ್ಯಾಪ್‌ಟಾಪು ಕಾಣಲಿಲ್ಲ, ಮಾಮಾ ಕಾಣಲಿಲ್ಲ, ನಾನೂ ಕಾಣಲಿಲ್ಲ.

“ದನಿ ಬಂತೇನ ಯವ್ವಾ ನಿನಗ?” ಎಂದಳು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಗಂಡನ ಕಡೆ ನೋಡಿದಳು. ಆಮೇಲೆ ಶಾಂತವ್ವನಿಗೆ, ತನಗೆ ಉಳಿದಷ್ಟೇ ದನಿಯಲ್ಲಿ, “ಹೂಂ, ಬಂತು” ಎಂದಳು.